ಸಂಬಾರ ಪದಾರ್ಥಗಳೂ ಆಹಾರವನ್ನು ಕೆಡಿಸುವ ಸೂಕ್ಷ್ಮಜೀವಿಗಳೂ

(ಗ್ರಾಮಮುಖ್ಯರ ಮತ್ತು ಜಮೀನುದಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಸುಗ್ಗಿ ಮುಗಿದು ಜಾತ್ರೆ ಮದುವೆಗಳ ಕಾಲವು ಸಮೀಪಿಸಿದೆ. ಆದ್ದರಿಂದ ಈ ದಿನ ಬೀಜ ಗೊಬ್ಬರಗಳ ವಿಚಾರವನ್ನು ಬದಿಗಿಟ್ಟು, ತಮ್ಮೆಲ್ಲರ ಮನೆಯ ಸಂಬಾರದ ಡಬ್ಬಿಯ ವಿಚಾರವನ್ನು ತಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇನೆ. ಊರಿನಲ್ಲಿ ಸಂತರ್ಪಣೆ ನಡೆದರೆ ಅದರ ಹೊಣೆ ಯಜಮಾನರದು. ಸಾವಿರ ಎಲೆ ಹಾಕಿಸಿದ ಕೀರ್ತಿಯೂ ಅವರದೇ. ಉಂಡ ರಾತ್ರಿಯೇ ಮಕ್ಕಳು ಮುದುಕರು ವಾಂತಿ ಭೇದಿಯಿಂದ ಮಲಗಿದರೆ ಬರುವ ಅಪಕೀರ್ತಿಯೂ ಅವರದೇ. ಅಂಥ ಸಮಯದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಒಂದುಂಟು: “ಅರಿಶಿನ ಹಾಕಿದ ಅನ್ನ, ಮೆಣಸು ಬೆಳ್ಳುಳ್ಳಿ ಬಿದ್ದ ಸಾರು, ಇದು ಕೆಡುವುದೆಂದರೇನು?” ಕೆಡುತ್ತದೆ. ಏತಕ್ಕೆ ಕೆಡುತ್ತದೆ, ಸಂಬಾರಗಳಿಗೆ ಇರತಕ್ಕ ಶಕ್ತಿಯಾದರೂ ಎಷ್ಟು, ಅದು ಎಲ್ಲಿ ಫಲಿಸುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅವಶ್ಯ.

ಆಹಾರವನ್ನು ವಿಷವಾಗಿ ಮಾಡುವ ಜೀವಿಗಳು ಕಣ್ಣಿಗೆ ಕಾಣುವಂಥವಲ್ಲ. ಇವುಗಳಿಗೆ ಬ್ಯಾಕ್ಟೀರಿಯಾ ಎಂದು ಹೆಸರು. ಸಾಲ್ಮೊನೆಲ್ಲಾ ಎಂಬುದು ದನ, ಕೋಳಿ, ಇಲಿ ಹಲ್ಲಿಗಳ ಹೊಟ್ಟೆಯಿಂದ ಬರುವುದು. ಸ್ಟ್ಯಾಫಿಲೋಕಾಕಸ್ ಎಂಬುದು ಅಡಿಗೆಯವರ ಮೂಗು, ಕೈಯ ಹುಣ್ಣು ಗಾಯಗಳಿಂದ ಬರುವುದು. ಬ್ಯಾಸಿಲಸ್ ಸೀರಿಯಸ್ ಎಂಬುದು ಗದ್ದೆಯ ಮಣ್ಣಿನಿಂದ ಅಕ್ಕಿಯೊಡನೆಯೇ ಅಡಿಗೆಮನೆಗೆ ಬರುವುದು. ಬೆಚ್ಚಗಿನ ತೇವದ ಆಹಾರ ದೊರೆತರೆ ಇವು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಬಡ್ಡಿಯ ಲೆಕ್ಕ ತಮಗೆ ಹೊಸದಲ್ಲ. ಒಂದು ಜೀವಿಯು ಆರು ಗಂಟೆಗಳಲ್ಲಿ ೨,೬೨,೧೪೪ ಆಗುತ್ತದೆ. ಇನ್ನೊಂದು ಗಂಟೆ ಕಳೆಯುವುದರೊಳಗೆ ಇಪ್ಪತ್ತು ಲಕ್ಷವನ್ನು ಮೀರುತ್ತದೆ. ಇಷ್ಟಾದರೂ ಆಹಾರದ ರುಚಿಯಾಗಲಿ ವಾಸನೆಯಾಗಲಿ ಬದಲಾಗದೆ ಇರಬಹುದು. ಹಳಸಿದ ವಾಸನೆಯನ್ನು ಹುಟ್ಟಿಸುವ ಜೀವಿಗಳೇ ಬೇರೆ, ರೋಗವನ್ನು ಹುಟ್ಟಿಸುವ ಜೀವಿಗಳೇ ಬೇರೆ. ಮೂಸಿ ನೋಡಿ ತೀರ್ಮಾನಮಾಡುವುದು ನಂಬತಕ್ಕ ಪರೀಕ್ಷೆಯಲ್ಲ.

ಇನ್ನು ಸಂಬಾರಗಳ ಶಕ್ತಿಯ ವಿಚಾರ. ಅದು ಸುಳ್ಳಲ್ಲ. ಗಿಡಗಳಿಗೆ ಓಡಿಹೋಗಲು ಕಾಲಿಲ್ಲ. ಹುಳು, ಬೂಷ್ಟು, ಬ್ಯಾಕ್ಟೀರಿಯಾಗಳಿಂದ ತಮ್ಮನ್ನು ಕಾಪಾಡಿಕೊಳ್ಳುವುದಕ್ಕಾಗಿ ತೊಗಟೆ, ಮೊಗ್ಗು, ಬೀಜ, ಗಡ್ಡೆಗಳಲ್ಲಿ ಅವು ಘಾಟಾದ ವಸ್ತುಗಳನ್ನು ಕೂಡಿಟ್ಟುಕೊಳ್ಳುತ್ತವೆ. ನಮಗೆ ಪರಿಮಳವಾಗಿ ತೋರುವುದು ಸೂಕ್ಷ್ಮಜೀವಿಗೆ ವಿಷ. ಲವಂಗದ ಎಣ್ಣೆಯಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮೇಲ್ಪಟ್ಟು ಇರುವುದು ಯೂಜಿನಾಲ್ ಎಂಬ ವಸ್ತು, ಚಕ್ಕೆಯಲ್ಲಿ ಸಿನ್ನಮಾಲ್ಡಿಹೈಡ್, ಓಮದಲ್ಲಿ ಥೈಮಾಲ್. ಇವು ಬ್ಯಾಕ್ಟೀರಿಯಾದ ಮೈಯನ್ನು ಸುತ್ತಿರುವ ಜಿಡ್ಡಿನ ಪೊರೆಯೊಳಕ್ಕೆ ಸೇರಿ ಅದನ್ನು ಸಡಿಲಮಾಡುತ್ತವೆ. ಆಗ ಒಳಗಿನ ಸತ್ವವು ತೂತುಬಿದ್ದ ಗಡಿಗೆಯಿಂದ ನೀರು ಸೋರುವಂತೆ ಸೋರಿಹೋಗುತ್ತದೆ. ಆದರೆ ಎಲ್ಲಾ ಬ್ಯಾಕ್ಟೀರಿಯಾಗಳೂ ಒಂದೇ ಬಗೆಯವಲ್ಲ. ೧೮೮೪ರಲ್ಲಿ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಎಂಬ ಡೆನ್ಮಾರ್ಕಿನ ವೈದ್ಯನು ಬಣ್ಣ ಹಾಕಿ ಅವುಗಳನ್ನು ಎರಡು ಪಂಗಡವಾಗಿ ವಿಂಗಡಿಸುವ ಉಪಾಯವನ್ನು ಕಂಡುಹಿಡಿದನು. ಆ ಬಣ್ಣವನ್ನು ಹಿಡಿದಿಟ್ಟುಕೊಳ್ಳದ ಪಂಗಡಕ್ಕೆ ಹೊರಗಡೆ ಇನ್ನೊಂದು ಪೊರೆಯುಂಟು. ಸಾಲ್ಮೊನೆಲ್ಲಾ ಈ ಪಂಗಡಕ್ಕೆ ಸೇರಿದ್ದು. ಎರಡು ಕೋಟೆಯಿರುವುದರಿಂದ ಇದಕ್ಕೆ ಸಂಬಾರದ ಏಟು ಕಡಮೆ ತಗಲುತ್ತದೆ.

ಬೆಳ್ಳುಳ್ಳಿ ಮತ್ತು ಸಾಸಿವೆಗಳ ಸಂಗತಿ ವಿಚಿತ್ರವಾದುದು. ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಇಡಿಯಾದ ಬೆಳ್ಳುಳ್ಳಿಯ ಎಸಳನ್ನು ಮೂಸಿದರೆ ಹೆಚ್ಚು ಘಾಟಿಲ್ಲ. ಅದನ್ನು ಜಜ್ಜಿದೊಡನೆ ಘಾಟು ಏಳುತ್ತದೆ. ಕಾರಣವೇನೆಂದರೆ, ಎಸಳಿನೊಳಗೆ ಎರಡು ಪದಾರ್ಥಗಳು ಬೇರೆ ಬೇರೆ ಕೋಣೆಗಳಲ್ಲಿರುತ್ತವೆ. ಜಜ್ಜಿದಾಗ ಗೋಡೆ ಒಡೆದು ಎರಡೂ ಸೇರಿ ಅಲಿಸಿನ್ ಎಂಬ ಹೊಸ ವಸ್ತು ಹುಟ್ಟುತ್ತದೆ. ಅಮೆರಿಕಾದ ಕ್ಯಾವಲಿಟೋ ಮತ್ತು ಬೈಲಿ ಎಂಬ ರಸಾಯನಜ್ಞರು ೧೯೪೪ರಲ್ಲಿ ಇದನ್ನು ಬೇರ್ಪಡಿಸಿ, ಇದು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಂದು ತೋರಿಸಿದರು. ಎಸಳನ್ನು ಜಜ್ಜದೆ ಇಡಿಯಾಗಿ ಕುದಿಯುವ ಸಾರಿಗೆ ಹಾಕಿದರೆ, ಈ ಕೂಡಿಕೆಯನ್ನು ಮಾಡಿಸುವ ಕಿಣ್ವವು ಬಿಸಿಗೆ ನಾಶವಾಗಿ ಅಲಿಸಿನ್ ಹುಟ್ಟುವುದೇ ಇಲ್ಲ. ಸಾಸಿವೆಯೂ ಹೀಗೆಯೇ. ಹಸಿ ಸಾಸಿವೆಯನ್ನು ಪುಡಿಮಾಡಿ ನೀರು ತಗುಲಿಸಿದರೆ ಮೂಗಿಗೆ ಏರುವ ಖಾರವು ಹುಟ್ಟುತ್ತದೆ. ಆ ಖಾರವೇ ಸೂಕ್ಷ್ಮಜೀವಿಗಳಿಗೆ ಶತ್ರು. ಕಾದ ಎಣ್ಣೆಯಲ್ಲಿ ಸಿಡಿದ ಸಾಸಿವೆಯಲ್ಲಿ ಅದು ಹುಟ್ಟುವುದಿಲ್ಲ. ಆದುದರಿಂದ ಒಗ್ಗರಣೆಯ ಸಾಸಿವೆಯು ರುಚಿಗೆ ಮಾತ್ರ. ಉಪ್ಪಿನಕಾಯಿಗೆ ಅರೆದು ಹಾಕಿದ ಹಸಿ ಸಾಸಿವೆಯು ಕೆಲಸಕ್ಕೆ. ಅಪ್ಪೆಮಿಡಿಗೆ ಸಾಸಿವೆಯನ್ನು ಹುರಿಯದೆ ಅರೆಯಬೇಕೆಂದು ಹಠಹಿಡಿಯುವ ಹಿರಿಯ ಹೆಂಗಸರು ಮಲೆನಾಡಿನಲ್ಲಿ ಇದ್ದಾರೆ. ಅವರ ಹಠಕ್ಕೆ ರಸಾಯನಶಾಸ್ತ್ರದ ಬೆಂಬಲವಿದೆ.

ಇಷ್ಟನ್ನು ಕೇಳಿ, ಹಾಗಾದರೆ ಸಂಬಾರ ಹಾಕಿದರೆ ಸಾಕಲ್ಲವೇ ಎಂದು ತಾವು ಕೇಳಬಹುದು. ಸಾಲದು. ಪ್ರಯೋಗಶಾಲೆಯಲ್ಲಿ ಮಾಡುವ ಪರೀಕ್ಷೆ ಹೇಗೆಂದರೆ, ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ಬೆಳೆಸಿ, ಗಿಡದ ಸಾರದಲ್ಲಿ ಅದ್ದಿದ ಕಾಗದದ ಬಿಲ್ಲೆಯನ್ನು ಅದರ ಮೇಲಿಡುತ್ತಾರೆ. ಬಿಲ್ಲೆಯ ಸುತ್ತಲೂ ಏನೂ ಬೆಳೆಯದ ಬಯಲು ಕಂಡರೆ ಸಾರಕ್ಕೆ ಶಕ್ತಿಯುಂಟೆಂದು ಅರ್ಥ. ಆ ತಟ್ಟೆಯಲ್ಲಿ ತುಪ್ಪವಿಲ್ಲ, ಬೇಳೆಯಿಲ್ಲ, ಹಾಲಿಲ್ಲ. ಕೊಪ್ಪರಿಗೆಯಲ್ಲಿ ಇವೆಲ್ಲವೂ ಇವೆ. ಜಿಡ್ಡು ಈ ಎಣ್ಣೆಗಳನ್ನು ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಬ್ಯಾಕ್ಟೀರಿಯಾ ಇರುವ ನೀರಿನ ಭಾಗಕ್ಕೆ ಅವು ದೊರೆಯುವುದಿಲ್ಲ. ತಟ್ಟೆಯಲ್ಲಿ ಸಾಕಾದ ಪ್ರಮಾಣಕ್ಕಿಂತ ಅರೆ ಕೆನೆ ತೆಗೆದ ಹಾಲಿನಲ್ಲಿ ಸುಮಾರು ಎರಡು ಪಟ್ಟು, ಸೂಪಿನಲ್ಲಿ ಸುಮಾರು ಐವತ್ತು ಪಟ್ಟು, ಮೆತ್ತಗಿನ ಗಿಣ್ಣಿನಲ್ಲಿ ಇಪ್ಪತ್ತೈದರಿಂದ ನೂರು ಪಟ್ಟು ಬೇಕಾದುದೆಂದು ಪರೀಕ್ಷೆಗಳಿಂದ ಕಂಡುಬಂದಿದೆ. ಅಷ್ಟು ಲವಂಗ ಬಿದ್ದ ಸಾರನ್ನು ಉಣ್ಣಬಲ್ಲವರು ಯಾರು?

ಅರಿಶಿನದ ಮೇಲೆ ನಮ್ಮ ಜನರಿಗೆ ಇರುವ ನಂಬಿಕೆ ದೊಡ್ಡದು. ಆ ಬಣ್ಣದ ಮಂಗಳಕ್ಕೆ ನಾನು ಅಡ್ಡ ಬರುವುದಿಲ್ಲ. ಅದರ ಹಳದಿ ವಸ್ತುವಾದ ಕರ್ಕ್ಯುಮಿನ್ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆಂಬ ವರದಿಯು ೧೯೪೯ರಲ್ಲಿಯೇ ಇಂಗ್ಲೆಂಡಿನ ವಿಜ್ಞಾನಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆದರೆ ಕರ್ಕ್ಯುಮಿನ್ ನೀರಿನಲ್ಲಿ ಹೆಚ್ಚುಕಡಮೆ ಕರಗುವುದೇ ಇಲ್ಲ. ಒಂದು ಚಿಟಿಕೆ ಅರಿಶಿನವು ಒಂದು ಹಂಡೆ ಅನ್ನವನ್ನು ಕಾಯುತ್ತದೆಂಬುದು ಒಬ್ಬ ತಳವಾರನಿಗೆ ಇಡೀ ಹೋಬಳಿಯ ಕಾವಲನ್ನು ಒಪ್ಪಿಸಿದಂತೆ.

ಬಿಸಿಲು ಹೆಚ್ಚಾದ ದೇಶಗಳ ಜನರು ಆಹಾರ ಕೆಡದಂತೆ ತಡೆಯುವುದಕ್ಕಾಗಿಯೇ ಸಂಬಾರವನ್ನು ಹೆಚ್ಚಾಗಿ ಬಳಸುತ್ತಾರೆಂದು ೧೯೯೮ರಲ್ಲಿ ಅಮೆರಿಕಾದ ಬಿಲಿಂಗ್ ಮತ್ತು ಷರ್ಮನ್ ಎಂಬವರು ೩೬ ದೇಶಗಳ ಪಾಕಪುಸ್ತಕಗಳನ್ನು ಪರಿಶೋಧಿಸಿ ವಾದಿಸಿದರು. ಕೇಳಲು ಚೆನ್ನಾದ ವಾದವೇ ಸರಿ. ಆದರೆ ೨೦೨೧ರಲ್ಲಿ ಬೇರೆ ವಿದ್ವಾಂಸರು ೭೦ ಪಾಕಸಂಪ್ರದಾಯಗಳ ೩೩,೭೫೦ ಅಡಿಗೆಗಳನ್ನು ಲೆಕ್ಕಹಾಕಿ, ಅದಕ್ಕೆ ತಕ್ಕ ಆಧಾರವು ದೊರೆಯಲಿಲ್ಲವೆಂದು ತಿಳಿಸಿದರು. ನಮ್ಮ ಹಿರಿಯರು ಏತಕ್ಕೆ ಸಂಬಾರ ಹಾಕಿದರೋ ಆ ಚರ್ಚೆ ವಿದ್ವಾಂಸರಿಗಿರಲಿ. ಅದನ್ನು ನಂಬಿ ಆರಿದ ಅನ್ನವನ್ನು ಬಡಿಸುವುದು ಮಾತ್ರ ನಮಗೆ ಬೇಡ.

ಹಾಗಾದರೆ ಉಪ್ಪಿನಕಾಯಿ ವರ್ಷಗಟ್ಟಲೆ ಉಳಿಯುವುದು ಹೇಗೆ? ಅಲ್ಲಿ ಸಂಬಾರವು ಒಂಟಿಯಾಗಿಲ್ಲ. ಉಪ್ಪು ನೀರನ್ನು ಕಟ್ಟಿಹಾಕುತ್ತದೆ, ಹುಳಿಯು ಬ್ಯಾಕ್ಟೀರಿಯಾವನ್ನು ಬಳಲಿಸುತ್ತದೆ, ಮೇಲೆ ನಿಂತ ಎಣ್ಣೆಯು ಗಾಳಿಯನ್ನು ತಡೆದು ಬೂಷ್ಟನ್ನು ದೂರವಿಡುತ್ತದೆ. ಇಷ್ಟರಿಂದ ಸೊರಗಿದ ಜೀವಿಗೆ ಸಾಸಿವೆಯ ಖಾರವು ಕೊನೆಯ ಏಟು. ಉಪ್ಪಿಗೆ ಜಿಪುಣತನ ಮಾಡಿ ಅದರ ಬದಲು ಸಾಸಿವೆ ಮೆಣಸಿನ ಪುಡಿಗಳನ್ನು ಹೆಚ್ಚಿಸಿದರೆ ಭರಣಿ ಕೆಡುವುದು ನಿಶ್ಚಯ. ಉಪ್ಪನ್ನೇ ಮುಖ್ಯವಾಗಿ ನಂಬಿದ ಉಪ್ಪಿನಕಾಯಿಯಲ್ಲಿ ಅದು ನೂರಕ್ಕೆ ೧೨ ಪಾಲಿಗೆ ಕಡಮೆಯಾಗಕೂಡದು.

ಈ ನಾಲ್ವರ ಪೈಕಿ ಹುಳಿಯನ್ನು ಬಿಟ್ಟರೆ ಏನಾಗುತ್ತದೆಂಬುದಕ್ಕೆ ಬೆಳ್ಳುಳ್ಳಿಯೇ ಸಾಕ್ಷಿ. ೧೯೮೫ರಲ್ಲಿ ಕೆನಡಾ ದೇಶದ ವ್ಯಾಂಕೂವರ್ ನಗರದ ಒಂದು ಹೋಟೆಲಿನಲ್ಲಿ ಉಂಡ ೩೬ ಜನರಿಗೆ ಬಾಟ್ಯುಲಿಸಂ ಎಂಬ ಘೋರವಾದ ವಿಷಬಾಧೆ ತಗುಲಿತು. ವಿಚಾರಣೆ ಮಾಡಲಾಗಿ, ಸೋಯಾ ಎಣ್ಣೆಯಲ್ಲಿ ಮುಳುಗಿಸಿ ತಣ್ಣಗಿಡದೆ ಇಟ್ಟಿದ್ದ ಕತ್ತರಿಸಿದ ಬೆಳ್ಳುಳ್ಳಿಯಿಂದ ಅದು ಬಂದಿತ್ತು. ಬ್ಯಾಕ್ಟೀರಿಯಾವನ್ನು ಕೊಲ್ಲುವುದೆಂದು ಹೆಸರಾದ ಬೆಳ್ಳುಳ್ಳಿಯೇ ಅದಕ್ಕೆ ಮನೆಯಾಯಿತು! ಈ ಕ್ಲಾಸ್ಟ್ರೀಡಿಯಂ ಬಾಟ್ಯುಲೈನಂ ಎಂಬುದು ಮಣ್ಣಿನಲ್ಲಿರುವ ಜೀವಿ. ೧೮೯೫ರಲ್ಲಿ ಬೆಲ್ಜಿಯಂ ದೇಶದ ಒಂದು ಹಳ್ಳಿಯಲ್ಲಿ ಉತ್ತರಕ್ರಿಯೆಗೆ ಬಂದ ವಾದ್ಯಗಾರರು ಉಪ್ಪು ಹಾಕಿಟ್ಟ ಹಂದಿಮಾಂಸವನ್ನು ತಿಂದು, ಮೂವರು ಸತ್ತ ಸಂದರ್ಭದಲ್ಲಿ ಫಾನ್ ಎರ್ಮೆಂಗೆಮ್ ಎಂಬ ಪಂಡಿತನು ಇದನ್ನು ಕಂಡುಹಿಡಿದನು. ಗಾಳಿಯಿಲ್ಲದ ಕಡೆಯಲ್ಲಿಯೇ ಇದು ಬೆಳೆಯುವುದು. ಆದುದರಿಂದ ಬೂಷ್ಟನ್ನು ತಡೆಯುವ ಎಣ್ಣೆಯು ಇದಕ್ಕೆ ಹೊದಿಕೆಯಾಗಿ ಪರಿಣಮಿಸುತ್ತದೆ. ಇದು ಅಂಜುವುದು ಹುಳಿಗೆ: ಹುಳಿಯನ್ನು ಅಳೆಯುವ ಪಿಎಚ್ ಎಂಬ ಮಾನದಲ್ಲಿ ೪.೬ಕ್ಕೆ ಕೆಳಗಿಳಿದರೆ ಬೆಳೆಯಲಾರದು. ನಿಂಬೆರಸ ಧಾರಾಳವಾಗಿ ಹಿಂಡಿ ಉಪ್ಪು ಬೆರೆಸಿದ ಬೆಳ್ಳುಳ್ಳಿ ಉಪ್ಪಿನಕಾಯಿಗೆ ಈ ಭಯವಿಲ್ಲ. ಬರಿಯ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿಯನ್ನು ತುಂಬಿ ಕಪಾಟಿನಲ್ಲಿಡುವ ಹೊಸ ಪದ್ಧತಿಯನ್ನು ಮನೆಗೆ ತರಬಾರದು. ಊಟವಾದ ಮೇಲೆ ಯಾರಿಗಾದರೂ ಒಂದು ವಸ್ತು ಎರಡಾಗಿ ಕಂಡು, ರೆಪ್ಪೆ ಜೋತುಬಿದ್ದು, ನುಂಗಲು ಕಷ್ಟವಾದರೆ ಕಷಾಯ ಕಾಯಿಸುತ್ತ ಕೂಡದೆ ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಇದೇ ನ್ಯಾಯವನ್ನು ಅನ್ನಕ್ಕೆ ಅನ್ವಯಿಸಿ ನೋಡೋಣ. ಪುಳಿಯೋಗರೆಯನ್ನು ಬುತ್ತಿ ಕಟ್ಟಿಕೊಂಡು ತೀರ್ಥಯಾತ್ರೆಗೆ ಹೋಗುತ್ತಿದ್ದುದು ಹುಣಿಸೆಯ ಹುಳಿಯ ಬಲದಿಂದ, ಒಳಗಿನ ಇಂಗು ಅರಿಶಿನಗಳ ಬಲದಿಂದಲ್ಲ. ಒಂದೆರಡು ನಿಂಬೆಹಣ್ಣು ತೋರಿಸಿ ಅರಿಶಿನದಿಂದ ಬಣ್ಣ ಕಟ್ಟಿದ ಚಿತ್ರಾನ್ನಕ್ಕೂ, ತೆಂಗಿನಕಾಯಿ ಬಿದ್ದ ಅನ್ನಕ್ಕೂ ಆ ರಕ್ಷಣೆಯಿಲ್ಲ. ಅಕ್ಕಿಯೊಡನೆ ಬರುವ ಬ್ಯಾಸಿಲಸ್ ಸೀರಿಯಸ್ ಬೀಜದಂಥ ಗಟ್ಟಿ ರೂಪವನ್ನು ತಾಳಿ ಅನ್ನ ಕುದಿಯುವಾಗಲೂ ಬದುಕಿರುತ್ತದೆ. ಅನ್ನ ಉಗುರುಬೆಚ್ಚಗಾದಾಗ ಮೊಳೆತು ವಿಷವನ್ನು ಉಗುಳುತ್ತದೆ. ಈ ವಿಷವು ಮರಳಿ ಕಾಯಿಸಿದರೂ ಹೋಗುವುದಿಲ್ಲ. ೧೯೭೧ರಿಂದೀಚೆಗೆ ಇಂಗ್ಲೆಂಡಿನಲ್ಲಿ, ಹಿಂದಿನ ದಿನ ಬೇಯಿಸಿಟ್ಟ ಅನ್ನವನ್ನು ಹುರಿದು ಮಾರಿದ ಊಟದ ಮನೆಗಳಿಂದ ಜನರು ಪದೇ ಪದೇ ವಾಂತಿಗೆ ಗುರಿಯಾದಾಗ ಇದರ ಸ್ವರೂಪವು ಬೆಳಕಿಗೆ ಬಂದಿತು.

ಸಂಬಾರ ಬೆಳೆಯುವವರಿಗೆ ಹೇಳಬೇಕಾದುದು ಇನ್ನೊಂದಿದೆ. ಇದು ಕೆಲವರಿಗೆ ಅಪ್ರಿಯವಾಗಬಹುದು. ಕಾವಲುಗಾರನೇ ಕಳ್ಳನನ್ನು ಕರೆತರುವುದುಂಟು. ಕರಿಮೆಣಸಿಗೆ ಬ್ಯಾಕ್ಟೀರಿಯಾವನ್ನು ತಡೆಯುವ ಶಕ್ತಿ ಲವಂಗ ಬೆಳ್ಳುಳ್ಳಿಗಳಿಗಿಂತ ಬಹಳ ಕಡಮೆ. ನೆಲದ ಮೇಲೆ ಒಣಗಿದ ಮೆಣಸಿನಲ್ಲಾದರೋ ಗ್ರಾಮೊಂದಕ್ಕೆ ಹತ್ತು ಲಕ್ಷಕ್ಕೂ ಮೀರಿ ಬ್ಯಾಕ್ಟೀರಿಯಾ ಕಂಡುಬರುವುದುಂಟು. ಒಣಗಿದ ಮೆಣಸಿನಲ್ಲಿ ಅವು ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ; ನಿದ್ರೆಹೋಗಿರುತ್ತವೆ. ಕುದಿಯುವ ಸಾರಿಗೆ ಹಾಕಿದರೆ ಅನೇಕವು ಸಾಯುತ್ತವೆ. ಮೊಸರನ್ನದ ಮೇಲೆ, ಹಣ್ಣಿನ ಹೋಳಿನ ಮೇಲೆ ಉದುರಿಸಿದರೆ ಎಚ್ಚೆತ್ತುಕೊಳ್ಳುತ್ತವೆ. ೨೦೦೯-೧೦ರಲ್ಲಿ ಅಮೆರಿಕಾ ದೇಶದ ೪೪ ಸಂಸ್ಥಾನಗಳಲ್ಲಿ ೨೭೨ ಜನರು ಸಾಲ್ಮೊನೆಲ್ಲಾ ರೋಗಕ್ಕೆ ಸಿಕ್ಕಿದಾಗ, ಮೂಲವು ಒಣಗಿಸಿದ ಮಾಂಸದ ಮೇಲೆ ಕೊನೆಗೆ ಲೇಪಿಸಿದ ಮೆಣಸಿನ ಪುಡಿಯೆಂದು ಹೊರಬಿದ್ದಿತು. ೨೦೦೭ರಿಂದ ೨೦೦೯ರವರೆಗೆ ಆ ದೇಶಕ್ಕೆ ಹೊರಗಿನಿಂದ ಬಂದ ಸಂಬಾರದ ರವಾನೆಗಳನ್ನು ಅಲ್ಲಿನ ಸರಕಾರದವರು ಪರೀಕ್ಷಿಸಿದಾಗ ನೂರಕ್ಕೆ ೬.೬ರಲ್ಲಿ ಸಾಲ್ಮೊನೆಲ್ಲಾ ಇದ್ದಿತು. ಇಂಥ ಸರಕು ತಿರಸ್ಕೃತವಾದರೆ ನಷ್ಟವು ಕೊನೆಗೆ ಬಂದು ನಿಲ್ಲುವುದು ಬೆಳೆಗಾರನ ಅಂಗಳದಲ್ಲಿ.

ಆ ಅಂಗಳದ ವಿಚಾರವನ್ನೇ ಹೇಳುತ್ತೇನೆ. ಸಗಣಿಯಿಂದ ಸಾರಿಸಿದ ಕಣವು ಧಾನ್ಯ ತುಳಿಸುವುದಕ್ಕೆ ನಮ್ಮಲ್ಲಿ ಶುದ್ಧವೆಂದು ಪರಿಗಣಿತವಾದುದು. ಆದರೆ ಸಾಲ್ಮೊನೆಲ್ಲಾ ಮೊದಲಾದವುಗಳ ತವರು ದನಗಳ ಹೊಟ್ಟೆಯೇ. ಒದ್ದೆ ಮೆಣಸು, ಬೇಯಿಸಿದ ಅರಿಶಿನ, ಹಣ್ಣು ಮೆಣಸಿನಕಾಯಿಗಳನ್ನು ಅದರ ಮೇಲೆ ಹರಡುವುದು ಸರಿಯಲ್ಲ. ತೊಳೆದ ಸಿಮೆಂಟು ಕಣ, ಬಿದಿರಿನ ತಟ್ಟಿ, ಶುಭ್ರವಾದ ಚಾಪೆ ಅಥವಾ ಟಾರ್ಪಾಲು, ಯಾವುದಾದರೂ ಆಗಬಹುದು. ಕೋಳಿ ನಾಯಿಗಳು ಬಾರದಂತೆ ಸುತ್ತ ಬಲೆ ಬೇಕು. ಬಿಡಿಸಿದ ಮೆಣಸಿನ ಕಾಳನ್ನು ಬಿದಿರಿನ ಬುಟ್ಟಿಯಲ್ಲಿಟ್ಟು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಮೇಲಿನ ಕೊಳೆಯೂ ಬಹುಪಾಲು ಸೂಕ್ಷ್ಮಜೀವಿಗಳೂ ಹೋಗುತ್ತವೆ. ಕಾಳು ಬೇಗ ಒಣಗಿ ಒಂದೇ ಸಮನಾದ ಕಪ್ಪು ಬಣ್ಣವನ್ನು ಪಡೆಯುತ್ತದೆ. ಖರ್ಚೆಂದರೆ ಸೌದೆ ಮಾತ್ರ. ತೇವವು ನೂರಕ್ಕೆ ೧೦ರ ಸುಮಾರಿಗೆ ಇಳಿಯುವವರೆಗೆ ಒಣಗಿಸಿ, ಹೊಸ ಚೀಲದಲ್ಲಿ ತುಂಬಿ, ಮರದ ಹಲಗೆಯ ಮೇಲೆ ಇಡತಕ್ಕದ್ದು. ಗೊಬ್ಬರದ ಹಳೆಯ ಚೀಲವನ್ನು ಮುಟ್ಟಲೂ ಬಾರದು.

ಇನ್ನು ಸಂತರ್ಪಣೆಯ ವ್ಯವಸ್ಥೆ. ಅಡಿಗೆಯನ್ನು ನಡುರಾತ್ರಿಯಲ್ಲಿ ಮುಗಿಸಿ ಮಧ್ಯಾಹ್ನ ಬಡಿಸುವ ವಾಡಿಕೆಯನ್ನು ಬಿಡಿಸುವುದು ಯಜಮಾನರ ಮೊದಲ ಕೆಲಸ. ಬೇಯಿಸಿದ್ದನ್ನು ಎರಡು ಗಂಟೆಯೊಳಗೆ ಬಡಿಸಬೇಕು. ಆಗದಿದ್ದರೆ ೬೦ ಡಿಗ್ರಿ ಸೆಂಟಿಗ್ರೇಡಿಗೆ ಕಡಮೆಯಾಗದಂತೆ, ಅಂದರೆ ಹಬೆಯಾಡುವಷ್ಟು ಬಿಸಿಯಲ್ಲಿ, ಒಲೆಯ ಮೇಲೆಯೇ ಇಟ್ಟಿರಬೇಕು. ದೊಡ್ಡ ಕೊಪ್ಪರಿಗೆಯ ನಡುಭಾಗವು ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿಯುವುದರಿಂದ, ಒಂದು ಹಂಡೆಯ ಬದಲು ಪಂಕ್ತಿಗೊಂದರಂತೆ ಸಣ್ಣ ಪಾತ್ರೆಗಳಲ್ಲಿ ಅನ್ನ ಮಾಡಿಸುವುದು ಮೇಲು. ಖೋವಾ, ಪಾಯಸ, ಮೊಸರನ್ನಗಳನ್ನು ಕೈಯಲ್ಲಿ ಹುಣ್ಣು ಗಾಯವಿರುವವರು ಮುಟ್ಟಕೂಡದು. ಏಕೆಂದರೆ ಸ್ಟ್ಯಾಫಿಲೋಕಾಕಸಿನ ವಿಷವೂ ಕುದಿಸಿದರೆ ಹೋಗತಕ್ಕದ್ದಲ್ಲ, ಮೇಲೆ ಹಾಕಿದ ಏಲಕ್ಕಿಯಿಂದಂತೂ ಹೋಗುವುದಿಲ್ಲ. ಮಜ್ಜಿಗೆಯ ವಿಷಯದಲ್ಲಿ ನನಗೆ ಅಷ್ಟು ಚಿಂತೆಯಿಲ್ಲ: ಚೆನ್ನಾಗಿ ಹುಳಿಯೇರಿದ್ದರೆ ಅದರ ಹುಳಿಯೇ ಅದನ್ನು ಬಹುಮಟ್ಟಿಗೆ ಕಾಯುತ್ತದೆ, ಆದರೆ ಅದಕ್ಕೆ ಬೆರೆಸುವ ನೀರು ಕುದಿಸಿ ಆರಿಸಿದುದಾಗಿರಬೇಕು. ಮಿಕ್ಕ ಅನ್ನವನ್ನು ಸಂಜೆ ಬಡವರಿಗೆ ಹಂಚುವ ಪದ್ಧತಿಯುಳ್ಳ ಊರುಗಳಿವೆ. ಹಂಚುವುದಾದರೆ ಪಂಕ್ತಿ ಏಳುವಾಗಲೇ ಹಂಚಬೇಕು. ಕೆಟ್ಟದ್ದು ಬಡವರ ಹೊಟ್ಟೆಗೂ ಕೆಟ್ಟದ್ದೇ.

ಇಷ್ಟು ಎಚ್ಚರಿಕೆಯಿದ್ದರೂ ವಾಂತಿ ಭೇದಿ ಕಂಡುಬಂದರೆ, ಓಮದ ಕಷಾಯದಿಂದ ಹೊಟ್ಟೆಯ ನುಲಿತಕ್ಕೆ ಹಾಯೆನಿಸಬಹುದು. ರೋಗಿಯನ್ನು ಉಳಿಸುವುದು ಮಾತ್ರ ನೀರು ಮತ್ತು ಉಪ್ಪು. ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು, ಇಷ್ಟನ್ನು ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಉಪ್ಪು ಹೆಚ್ಚಾದರೆ ಅಪಾಯ. ಕಣ್ಣಂದಾಜು ಬೇಡ, ಚಮಚದಲ್ಲಿಯೇ ಅಳೆಯಬೇಕು. ಔಷಧದ ಅಂಗಡಿಯಲ್ಲಿ ಸಿದ್ಧವಾದ ಪೊಟ್ಟಣವೂ ದೊರೆಯುತ್ತದೆ. ಮೊಲೆಯುಣ್ಣುವ ಮಕ್ಕಳಿಗೆ ಹಾಲನ್ನು ನಿಲ್ಲಿಸಬಾರದು. ರಕ್ತ ಬಿದ್ದರೆ, ಮೂತ್ರ ಕಟ್ಟಿದರೆ, ಮಗುವು ಮಂಕಾಗಿ ಕಣ್ಣು ಗುಳಿಬಿದ್ದರೆ ಆಸ್ಪತ್ರೆಗೆ ಕಳುಹಿಸಬೇಕು. ಯಜಮಾನರು ಇನ್ನೊಂದು ಕೆಲಸವನ್ನು ಮಾಡಿಸತಕ್ಕದ್ದು: ಉಳಿದಿರುವ ಅಡಿಗೆಯನ್ನು ಊರಿನ ಮಾನಕ್ಕೆ ಅಂಜಿ ಹೂಳಿಸದೆ, ಪ್ರತಿಯೊಂದರಲ್ಲಿ ಸ್ವಲ್ಪವನ್ನು ಕುದಿಯುವ ನೀರಿನಲ್ಲಿ ತೊಳೆದ ಮುಚ್ಚಳದ ಡಬ್ಬಿಗಳಲ್ಲಿ ತುಂಬಿ, ತಣ್ಣಗಿರಿಸಿ, ಉಂಡವರ ಹೆಸರು, ಉಂಡ ಹೊತ್ತು, ವಾಂತಿ ಆರಂಭವಾದ ಹೊತ್ತು ಇವುಗಳನ್ನು ಬರೆದ ಪಟ್ಟಿಯೊಡನೆ ಆರೋಗ್ಯ ಇಲಾಖೆಯವರಿಗೆ ಒಪ್ಪಿಸಬೇಕು.